ಹೊಟ್ಟೆಗೆ ಹೆಸರು, ಕರುಳಿಗೆ ಕೆಲಸ

ಕನ್ನಡದಲ್ಲಿ ‘ಹೊಟ್ಟೆ’ ದೊಡ್ಡ ಮಾತು. ಸಂಪಾದನೆ ಹೊಟ್ಟೆಪಾಡು, ಮತ್ಸರ ಹೊಟ್ಟೆಕಿಚ್ಚು, ತಾಯಿಗೆ ಮಕ್ಕಳೆಲ್ಲ ಹೊಟ್ಟೆಯಲ್ಲಿ ಹುಟ್ಟಿದವರು. ವೈದ್ಯರ ಲೆಕ್ಕದಲ್ಲಿ ಮಾತ್ರ ಅದು ಚಿಕ್ಕದು: ಎಡ ಪಕ್ಕೆಲುಬುಗಳ ಅಡಿಯಲ್ಲಿ ಅಡಗಿರುವ ಜಠರವೆಂಬ ಸ್ನಾಯುವಿನ ಚೀಲ, ಉಂಡಾಗ ಒಂದು–ಒಂದೂವರೆ ಲೀಟರ್ ಹಿಡಿಸುವಷ್ಟು. ಹೊಕ್ಕುಳ ಸುತ್ತ ಕೈಯಾಡಿಸಿ ‘ಹೊಟ್ಟೆನೋವು’ ಎನ್ನುವವರು ತೋರಿಸುತ್ತಿರುವುದು ಬಹುಪಾಲು ಜಠರವನ್ನಲ್ಲ, ಕರುಳನ್ನು.

ಈ ವ್ಯತ್ಯಾಸವನ್ನು ಹಂಪಿಯ ಸಾಸಿವೆಕಾಳು ಗಣೇಶನಷ್ಟು ಚೆನ್ನಾಗಿ ಹೇಳಿಕೊಡುವ ಪಠ್ಯಪುಸ್ತಕ ಇನ್ನೊಂದಿಲ್ಲ. ಹೇಮಕೂಟ ಬೆಟ್ಟದ ದಕ್ಷಿಣ ತಪ್ಪಲಿನ ತೆರೆದ ಮಂಟಪದಲ್ಲಿ ಒಂದೇ ಬಂಡೆಯಲ್ಲಿ ಕಡೆದ, ಸುಮಾರು ಎಂಟು ಅಡಿ ಎತ್ತರದ ಮೂರ್ತಿ. ವಿಜಯನಗರದ ಅರಸ ಇಮ್ಮಡಿ ನರಸಿಂಹನ ನೆನಪಿಗೆ ಚಂದ್ರಗಿರಿಯ ವ್ಯಾಪಾರಿಯೊಬ್ಬ 1506ರಲ್ಲಿ ಮಾಡಿಸಿದ್ದೆಂದು ಶಾಸನ ತಿಳಿಸುತ್ತದೆ. ತಿಂದದ್ದು ಹೆಚ್ಚಾಗಿ ಬಿರಿಯಲಿದ್ದ ಹೊಟ್ಟೆಗೆ ಗಣಪ ಹಾವನ್ನು ಬಿಗಿದ ಕತೆ ಎಲ್ಲರಿಗೂ ಗೊತ್ತು. ಆ ಹಾವೂ ಕಲ್ಲಿನಲ್ಲಿದೆ. ಈಚೆಗೆ ಒಂದು ಬೆಳಗ್ಗೆ ಮಂಟಪದ ನೆರಳಿನಲ್ಲಿ ಅಜ್ಜಿಯೊಬ್ಬರು ಇದೇ ಕತೆ ಮುಗಿಸುತ್ತಿದ್ದಂತೆ ಮೊಮ್ಮಗ ಕೇಳಿದ: “ನಮ್ಮ ಹೊಟ್ಟಿಯಾಗೂ ಹಾವು ಐತೇನಜ್ಜಿ?” ಅಜ್ಜಿ ನಕ್ಕು ಸುಮ್ಮನಾದರು. ಐತಿ ಎನ್ನಬಹುದಿತ್ತು. ಆರು ಮೀಟರ್ ಸಣ್ಣ ಕರುಳು, ಒಂದೂವರೆ ಮೀಟರ್ ದೊಡ್ಡ ಕರುಳು. ಸುರುಳಿ ಸುತ್ತಿ ಮಲಗಿರುವ ಅದು ಒಂದು ಗಳಿಗೆಯೂ ಸುಮ್ಮನಿರದು. ಗಣಪನ ಹಾವು ಹೊರಗಿದೆ, ಮಿಕ್ಕವರದು ಒಳಗಿದೆ, ಅಷ್ಟೇ.

ಪಚನ ಶುರುವಾಗುವುದು ಬಾಯಲ್ಲಿ. ಹಂಪಿಯಲ್ಲಿ ಕಾಲುವೆಯ ಎರಡೂ ದಡಕ್ಕೆ ಸಾಲಾಗಿ ಕಲ್ಲಿನ ತಟ್ಟೆಗಳಿವೆ. ಅನ್ನಕ್ಕೊಂದು, ಪಲ್ಯ-ಸಾರಿಗೆ ಬೇರೆ ಬೇರೆ ಗುಳಿಗಳು. ಭೋಜನಶಾಲೆ ಎಂದು ಕರೆಯುವ ಆ ಸಾಲಿನಲ್ಲಿ ಕೂತವರು ಅನ್ನ ಕಲಸುತ್ತಿದ್ದಂತೆಯೇ ಬಾಯಲ್ಲಿ ನೀರೂರಿರುತ್ತದೆ. ದಿನಕ್ಕೆ ಸುಮಾರು ಒಂದು ಲೀಟರ್ ಒಸರುವ ಈ ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯತೊಡಗುತ್ತದೆ. ಜೋಳದ ರೊಟ್ಟಿಯ ತುಣುಕನ್ನು ತುಂಬ ಹೊತ್ತು ಅಗಿದರೆ ಸಿಹಿ ಹತ್ತುವುದು ಇದಕ್ಕೇ. ಅಲ್ಲಿಂದ ತುತ್ತು ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದಲ್ಲಿ ಅಲೆಯಂತೆ ಹಿಂಡುವ ಸ್ನಾಯುಗಳಿಂದಾಗಿ ಇಳಿಯುತ್ತದೆ. ಭೂಮಿಯ ಸೆಳೆತ ನೆಪಮಾತ್ರ. ಅನ್ನನಾಳದ ಬುಡದಲ್ಲಿರುವ ಬಿಗಿಪಟ್ಟಿ ಸಡಿಲವಾದರೆ ಜಠರದ ಆಮ್ಲ ಮೇಲೇರುತ್ತದೆ. ಅದೇ ಎದೆಯುರಿ, ಹುಳಿತೇಗು. ರಾತ್ರಿ ಉಂಡ ಕೂಡಲೇ ಮಲಗುವವರಿಗೆ ಇದು ಹೆಚ್ಚು.

ಜಠರದ ಕೆಲಸ ಅರೆಯುವುದು, ಆಮ್ಲದಲ್ಲಿ ನೆನೆಸುವುದು, ಪೆಪ್ಸಿನ್ ಎಂಬ ಕಿಣ್ವದಿಂದ ಪ್ರೋಟೀನನ್ನು ಕತ್ತರಿಸುವುದು. ಒಳಗಿರುವುದು ಹೈಡ್ರೋಕ್ಲೋರಿಕ್ ಆಮ್ಲವೇ. ಅದು ಗೋಡೆಯನ್ನೇ ತಿನ್ನದಂತೆ ಲೋಳೆಯ ಪದರ ಕಾಯುತ್ತದೆ. ಈ ಪದರಕ್ಕೆ ಶತ್ರು ಯಾರು ಎಂದು ಹೊಸಪೇಟೆಯಲ್ಲಿ ಕೇಳಿದರೆ ಸಂಜೆಯ ಮಂಡಕ್ಕಿ ಒಗ್ಗರಣೆಯ ಪಕ್ಕದ ಮಿರ್ಚಿಯ ಕಡೆಗೆ ಬೆರಳು ತೋರಿಸುತ್ತಾರೆ. ಮಿರ್ಚಿಗೆ ಇದು ಅನ್ಯಾಯ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನರಗಳಲ್ಲಿ ಬಿಸಿಯನ್ನು ಗುರುತಿಸುವ ಗ್ರಾಹಕವನ್ನು ತಟ್ಟಿ ಉರಿಯ ಅನುಭವ ಕೊಡುತ್ತದೆ, ಸುಡುವುದಿಲ್ಲ. ಅಂಥವೇ ಗ್ರಾಹಕಗಳು ದಾರಿಯ ಕೊನೆಯಲ್ಲೂ ಇರುವುದರಿಂದ ಮರುದಿನ ಬೆಳಗ್ಗೆ ಇನ್ನೊಮ್ಮೆ ಉರಿಯಬಹುದು. ಎದೆಯುರಿ ಇರುವವರಿಗೆ ಖಾರ ಕಿರಿಕಿರಿ, ನಿಜ. ಆದರೆ ಹುಣ್ಣಿಗೆ ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಮತ್ತು ಸಿಕ್ಕಸಿಕ್ಕಂತೆ ನುಂಗುವ ನೋವಿನ ಗುಳಿಗೆ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಜಠರದ ಉರಿಯೂತ ಬರಿಸಿಕೊಂಡರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಅಂದಹಾಗೆ ಮೆಣಸಿನಕಾಯಿ ಅಮೆರಿಕ ಖಂಡದ್ದು, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. 1506ರಲ್ಲಿ ಗಣಪನನ್ನು ಕಡೆದವರ ಬುತ್ತಿಯಲ್ಲಿದ್ದ ಖಾರ ಕಾಳುಮೆಣಸಿನದೇ ಇರಬೇಕು.

ಇಲ್ಲೇ ‘ಗ್ಯಾಸ್ಟ್ರಿಕ್’ ಎಂಬ ಮಾತಿನ ಬಗ್ಗೆಯೂ ಹೇಳಬೇಕು. ತೇಗು, ಉಬ್ಬರ, ಬೆನ್ನು ಹಿಡಿತ, ಎದೆನೋವು ಎಲ್ಲಕ್ಕೂ ಇದೇ ಹೆಸರು, ಇದೇ ಸೋಡಾ. ಎದೆ ಒತ್ತಿದಂತಾಗಿ, ಬೆವರಿ, ನೋವು ಎಡಗೈಗೋ ದವಡೆಗೋ ಹರಿದರೆ ಅದು ಹೃದಯಾಘಾತವಿರಬಹುದು. ಸೋಡಾ ಕುಡಿದು ಕಾಯುವ ಹೊತ್ತು ಅದಲ್ಲ, ಇಸಿಜಿ ಮಾಡಿಸುವ ಹೊತ್ತು.

ಜಠರ ದಾಟಿದ ಆಹಾರ ಹನ್ನೆರಡು ಬೆರಳಿನ ಅಗಲದಷ್ಟು ಉದ್ದದ ಡುಯೋಡಿನಂಗೆ ಬೀಳುತ್ತದೆ. ಪಿತ್ತಕೋಶದ ಪಿತ್ತರಸ, ಮೇದೋಜೀರಕದ ಕಿಣ್ವಗಳು ಸೇರುವುದು ಅಲ್ಲಿ. ಎಣ್ಣೆ ನೀರಿನಲ್ಲಿ ಕರಗದು. ಪಿತ್ತರಸ ಅದನ್ನು ಸಣ್ಣ ಹನಿಗಳಾಗಿ ಒಡೆದ ಮೇಲೆ ಲೈಪೇಸ್ ಕಿಣ್ವಕ್ಕೆ ಹಿಡಿತ ಸಿಗುತ್ತದೆ. ಈ ಏರ್ಪಾಡಿನ ಕಠಿಣ ಪರೀಕ್ಷೆಯೊಂದು ನಡೆದದ್ದು ಹಂಪಿಯ ಅರಮನೆಯಲ್ಲೇ. ಕೃಷ್ಣದೇವರಾಯ ದಿನವೂ ನಸುಕಿಗೆ ಮುಂಚೆ ಎಳ್ಳೆಣ್ಣೆ ಕುಡಿಯುತ್ತಿದ್ದನೆಂದು 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಬರೆದಿದ್ದಾನೆ. ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಅಳತೆ ಮುಕ್ಕಾಲು ಪೈಂಟ್, ಅಂದರೆ ಸುಮಾರು 400 ಮಿಲಿಲೀಟರ್. ಲೆಕ್ಕ ಹಾಕಿದರೆ ಬರೀ ಕೊಬ್ಬೇ 360 ಗ್ರಾಂ ಮೀರುತ್ತದೆ, ಶಕ್ತಿ 3,300 ಕ್ಯಾಲರಿ! ಒಬ್ಬ ದುಡಿಯುವ ಗಂಡಾಳಿನ ಇಡೀ ದಿನದ ಊಟ ಬೆಳಕು ಹರಿಯುವ ಮುನ್ನವೇ ಗಂಟಲಿಳಿದಂತೆ. ಮೈಗೂ ಅದೇ ಎಣ್ಣೆ ತಿಕ್ಕಿಸಿ, ಭಾರ ಎತ್ತಿ, ಕತ್ತಿ ಬೀಸಿ, ಕುಸ್ತಿಯಾಡಿ, ಕುದುರೆ ಓಡಿಸುತ್ತಿದ್ದನೆಂದೂ ಪಾಯೆಸ್ ಸೇರಿಸುತ್ತಾನೆ. ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುತ್ತಿತ್ತೆಂಬ ಅವನ ನಂಬಿಕೆಯನ್ನು ಶರೀರಶಾಸ್ತ್ರ ಒಪ್ಪದು, ಎಣ್ಣೆ ಬೆವರಾಗುವುದಿಲ್ಲ. ಪಿತ್ತಕೋಶ ಹಿಡಿಯುವುದೇ 30–50 ಮಿಲಿಲೀಟರ್ ಪಿತ್ತರಸ. ಯಕೃತ್ತು ಹೊಸದನ್ನು ಒಸರುತ್ತ ಹೋಗಬೇಕು. ಆರೋಗ್ಯವಂತ ಕರುಳು ದಿನದ ನೂರು ಗ್ರಾಂ ಕೊಬ್ಬಿನಲ್ಲಿ 95 ಗ್ರಾಮಿನಷ್ಟನ್ನು ಹೀರಬಲ್ಲದು. ಅದರ ಮೂರೂವರೆ ಪಟ್ಟು ಒಂದೇ ಗುಟುಕಿಗೆ ಬಂದರೆ ಹೀರದೆ ಉಳಿದದ್ದು ಕೆಳಗೆ ಹೋಗಲೇಬೇಕು. ಆಯುರ್ವೇದದ ಸ್ನೇಹಪಾನದಲ್ಲೂ ಎಣ್ಣೆ-ತುಪ್ಪ ಕುಡಿಸುತ್ತಾರೆ, ಆದರೆ ಕೆಲವೇ ದಿನ, ಅಳತೆ ಏರಿಸುತ್ತ. ಅಳತೆಯಲ್ಲಿ ಪಾಯೆಸ್ ಎಡವಿದನೋ, ಅರಮನೆಯ ಆಳುಗಳು ದೊರೆಯ ಪರವಾಗಿ ಒಂದಿಷ್ಟು ಹೆಚ್ಚೇ ಸುರಿದರೋ. ನಸುಕಿನ ಕತ್ತಲಲ್ಲಿ ಬಟ್ಟಲು ಹಿಡಿದು ಅಳೆಯಲು ಪರದೇಶಿಯನ್ನು ಯಾರೂ ಕರೆದಿರಲಾರರು.

ದೊರೆಯಲ್ಲದವರಿಗೆ ಪಿತ್ತಕೋಶದ ಕಾಟ ಕಲ್ಲಿನ ರೂಪದಲ್ಲಿ ಬರುತ್ತದೆ. ಜಿಡ್ಡಿನ ಊಟವಾದ ಮೇಲೆ ಬಲ ಪಕ್ಕೆಯಡಿ ಶುರುವಾಗಿ ಬಲ ಭುಜಕ್ಕೆ ಹರಿಯುವ ನೋವು ಅದರ ಗುರುತು. ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಒಡೆದದ್ದನ್ನೆಲ್ಲ ರಕ್ತಕ್ಕೆ ಸೇರಿಸುವುದು ಸಣ್ಣ ಕರುಳು. ಅದರ ಒಳಗೋಡೆ ಮಡಿಕೆ ಮಡಿಕೆ. ಮಡಿಕೆಯ ಮೇಲೆ ಮಕಮಲ್ಲಿನಂತೆ ವಿಲ್ಲೈ ಎಂಬ ಎಸಳುಗಳು. ಇದನ್ನೆಲ್ಲ ಹರಡಿದರೆ ಟೆನಿಸ್ ಅಂಗಳದಷ್ಟಾಗುತ್ತದೆಂದು ಶಾಲೆಯಲ್ಲಿ ಹೇಳುತ್ತಿದ್ದರು. 2014ರಲ್ಲಿ ಸ್ವೀಡನ್ನಿನ ಇಬ್ಬರು ಸಂಶೋಧಕರು ಮತ್ತೆ ಅಳೆದು ಇಡೀ ಜೀರ್ಣನಾಳಕ್ಕೇ ಸುಮಾರು 32 ಚದರ ಮೀಟರ್ ಎಂದರು. ಅರ್ಧ ಬ್ಯಾಡ್ಮಿಂಟನ್ ಅಂಗಳಕ್ಕೂ ಕಡಿಮೆ, ಆದರೂ ಕಡಿಮೆಯೇನಲ್ಲ. ಕಬ್ಬಿಣ ಒಳಹೋಗುವುದೂ ಇಲ್ಲಿನ ಮೊದಲ ಗೇಣಿನಲ್ಲೇ, ದಿನಕ್ಕೆ ಒಂದೆರಡು ಮಿಲಿಗ್ರಾಂ. ಸಂಡೂರಿನ ಬೆಟ್ಟಗಳೇ ಕಬ್ಬಿಣ. ಅದಿರಿನ ಕೆಂಪು ದೂಳು ಲಾರಿ, ಗಿಡ, ಅಂಗಿಯ ಮೇಲೆಲ್ಲ ಕೂರುತ್ತದೆ. ಅದನ್ನು ಎಷ್ಟು ನುಂಗಿದರೂ ರಕ್ತಹೀನತೆ ನೀಗುವುದಿಲ್ಲ, ಹೆಮಟೈಟ್ ಕರಗದ ವಸ್ತು. ಸೊಪ್ಪು-ಕಾಳಿನ ಕಬ್ಬಿಣವನ್ನು ಕರುಳು ಹೀರಲು ನಿಂಬೆಹುಳಿ ನೆರವಾಗುತ್ತದೆ, ಊಟದ ಬೆನ್ನಿಗೇ ಕುಡಿಯುವ ಚಹಾ ತಡೆಯುತ್ತದೆ.

ದೊಡ್ಡ ಕರುಳಿನ ಪಾಠಕ್ಕೆ ಹೇಮಕೂಟದ ಇನ್ನೊಬ್ಬ ಗಣಪನ ಹೆಸರು ಸಾಕು: ಕಡಲೆಕಾಳು. ಕಡಲೆಯಲ್ಲಿರುವ ರಾಫಿನೋಸ್ ಬಗೆಯ ಸಕ್ಕರೆಗಳನ್ನು ಒಡೆಯುವ ಕಿಣ್ವ ಮನುಷ್ಯನಲ್ಲಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಹಬ್ಬ; ಹೈಡ್ರೋಜನ್, ಇಂಗಾಲದ ಡೈ ಆಕ್ಸೈಡ್ ಹುಟ್ಟಿ ಹೊಟ್ಟೆ ಉಬ್ಬರಿಸುತ್ತದೆ. ಕಡಲೆ ನೆನೆಸಿ ಆ ನೀರು ಚೆಲ್ಲುವುದು ಇದಕ್ಕೇ. ಕಡಲೆಹಿಟ್ಟಿನ ಮಿರ್ಚಿಗೆ ಓಂಕಾಳು ಬೀಳುವುದೂ ಉಬ್ಬರದ ಅಂಜಿಕೆಯಿಂದಲೇ. ಈ ಬ್ಯಾಕ್ಟೀರಿಯಾಗಳ ಮೊದಲ ಬೀಜ ಮಗುವಿಗೆ ಹೆರಿಗೆಯ ಹೊತ್ತಿನಲ್ಲಿ, ಎದೆಹಾಲಿನಲ್ಲಿ ತಾಯಿಯಿಂದ ಬರುತ್ತದೆ. ಸಾಸಿವೆಕಾಳು ಗಣೇಶನ ಹಿಂದೆ ಸುತ್ತಿ ಹೋದವರಿಗೆ ಅಲ್ಲೊಂದು ಹೆಣ್ಣಿನ ಬೆನ್ನು, ಜಡೆ ಕಾಣುತ್ತದೆ: ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡ ಪಾರ್ವತಿ. ಮುಂದೆ ನಿಂತು ಫೋಟೊ ತೆಗೆದುಕೊಂಡು ಹೊರಡುವವರಿಗೆ ಇದು ತಪ್ಪಿಹೋಗುತ್ತದೆ.

ದೊಡ್ಡ ಕರುಳಿನ ಇನ್ನೊಂದು ಕೆಲಸ ಸಣ್ಣ ಕರುಳು ಹೀರಿ ಉಳಿದ ನೀರನ್ನು ಹಿಂತೆಗೆಯುವುದು. ಕುಡಿದದ್ದು, ಒಸರಿದ್ದು ಸೇರಿ ದಿನಕ್ಕೆ ಸುಮಾರು ಒಂಬತ್ತು ಲೀಟರ್ ದ್ರವ ಕರುಳಿಗೆ ಇಳಿಯುತ್ತದೆ. ಹೊರಹೋಗುವುದು ನೂರು–ಇನ್ನೂರು ಮಿಲಿಲೀಟರ್. ಮಲ ಅಲ್ಲೇ ತಂಗಿದಷ್ಟೂ ಒಣಗಿ ಗಟ್ಟಿಯಾಗುತ್ತದೆ. ತಿಣುಕಿ ತಿಣುಕಿ ಮೂಲವ್ಯಾಧಿಯೂ ಸೇರಿಕೊಳ್ಳುತ್ತದೆ. ನಾರು ನೀರನ್ನು ಹಿಡಿದಿಡುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ ನೂರು ಗ್ರಾಂ ಜೋಳಕ್ಕೆ ಸುಮಾರು 10 ಗ್ರಾಂ ನಾರು, ಪಾಲಿಶ್ ಮಾಡಿದ ಅಕ್ಕಿಗೆ 3 ಗ್ರಾಮಿಗೂ ಕಡಿಮೆ. ಕಂಪ್ಲಿಯ ಗದ್ದೆಗಳು ಕಣ್ಣಿಗೆ ತಂಪು; ಮೂರು ಹೊತ್ತೂ ಅದೇ ಬಿಳಿ ಅನ್ನವಾದರೆ ಕರುಳಿಗೆ ಕಷ್ಟ. ಒಂದು ಹೊತ್ತು ರೊಟ್ಟಿ, ಜೊತೆಗೆ ಸೊಪ್ಪಿನ ಪಲ್ಯ, ಕುಡಿಯಲು ಸಾಕಷ್ಟು ನೀರು ಇದ್ದರೆ ಗುಳಿಗೆಯ ಮಾತು ಬಾರದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿತ, ನಡುವಯಸ್ಸಿನ ನಂತರ ಇದ್ದಕ್ಕಿದ್ದಂತೆ ಬದಲಾದ ಅಭ್ಯಾಸ ಕಂಡರೆ ಮೂಲವ್ಯಾಧಿಯೆಂದು ತಾವೇ ತೀರ್ಮಾನಿಸದೆ ಪರೀಕ್ಷೆ ಮಾಡಿಸಬೇಕು.

ಮಲಬದ್ಧತೆಗೆ ತದ್ವಿರುದ್ಧ ವಾಂತಿ-ಭೇದಿ. ತುಂಗಭದ್ರೆ ಮಗ್ಗುಲಲ್ಲೇ ಹರಿದರೂ ಕುಡಿಯುವ ನೀರಿಗೆ ಕೊಳಕು ಸೇರಿದರೆ ಏನಾಗುತ್ತದೆಂಬುದು 2021ರಲ್ಲಿ ಹೂವಿನಹಡಗಲಿ ತಾಲ್ಲೂಕಿನ ಮಕರಬ್ಬಿ ಗ್ರಾಮದಲ್ಲಿ ವಾಂತಿ-ಭೇದಿಯಿಂದಾದ ಸಾವುಗಳಲ್ಲಿ ಕಂಡಿತು. ಭೇದಿಯಲ್ಲಿ ಜೀವ ತೆಗೆಯುವುದು ನೀರು-ಉಪ್ಪಿನ ನಷ್ಟ. ಭೇದಿಯಾಗುತ್ತಿದ್ದರೂ ಸಣ್ಣ ಕರುಳಿನ ಒಂದು ಬಾಗಿಲು ಮುಚ್ಚುವುದಿಲ್ಲ: ಸಕ್ಕರೆಯೊಂದಿಗೆ ಬಂದ ಉಪ್ಪನ್ನು ಅದು ಒಳಗೆ ಬಿಟ್ಟುಕೊಳ್ಳುತ್ತದೆ, ಬೆನ್ನಿಗೇ ನೀರೂ ನುಗ್ಗುತ್ತದೆ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನಬೀಸ್ ಕಾಲರಾ ರೋಗಿಗಳನ್ನು ಉಳಿಸಿದ್ದು ಈ ಬಾಗಿಲಿನ ಬಲದಿಂದ. ಓಆರ್‌ಎಸ್ ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬೇಕು. ಉಪ್ಪು ಹೆಚ್ಚಾಗಬಾರದು. ಮಗು ಕಣ್ಣು ಒಳಸೇರಿ, ನಾಲಿಗೆ ಒಣಗಿ, ಮೂತ್ರ ನಿಂತು ಮಂಕಾದರೆ ಮನೆಯ ಲೋಟ ಸಾಲದು; ಸಲೈನ್ ಏರಿಸಲು ಆಸ್ಪತ್ರೆಗೇ ಒಯ್ಯಬೇಕು, ದಾರಿಯುದ್ದಕ್ಕೂ ಕುಡಿಸುತ್ತ.