ಲೇಖಕನೇ ಪ್ರಕಾಶಕನಾದಾಗ: 99 ಸೆಂಟಿನ ಲೆಕ್ಕ

ಅಮೆರಿಕದ ಕೆಂಟಕಿ ರಾಜ್ಯದ ಜಾನ್ ಲಾಕ್ ಅವರು ವಿಮೆ ಮಾರಾಟದಿಂದ ಮೇಲೆ ಬಂದ ವ್ಯಾಪಾರಸ್ಥರು. ರೋಚಕ ಕಾದಂಬರಿಗಳ ರಚನೆಗೆ ತೊಡಗಿದಾಗಲೂ ಅವರು ವ್ಯಾಪಾರದೃಷ್ಟಿಯನ್ನು ಬಿಡಲಿಲ್ಲ. ಪ್ರಕಾಶಕರ ಬಾಗಿಲು ಕಾಯದೆ, ಅಮೆಜಾನ್ ಸಂಸ್ಥೆಯ ಕಿಂಡಲ್ ಮಳಿಗೆಯಲ್ಲಿ ತಮ್ಮ ಇ-ಪುಸ್ತಕಗಳನ್ನು ತಾವೇ ಪ್ರಕಟಿಸಿದರು. ಹೆಸರಾಂತ ಲೇಖಕರ ಇ-ಪುಸ್ತಕಕ್ಕೆ ಹತ್ತು ಡಾಲರ್‌ನಷ್ಟು ಬೆಲೆಯಿದ್ದಾಗ ಇವರು ಇಟ್ಟದ್ದು ಕೇವಲ 99 ಸೆಂಟ್.

ಅಂದಿನ ನಿಯಮದಂತೆ 2.99ರಿಂದ 9.99 ಡಾಲರ್ ಬೆಲೆಯ ಪುಸ್ತಕಕ್ಕೆ ಶೇ. 70ರಷ್ಟು ರಾಯಧನ ದೊರೆಯುತ್ತಿತ್ತು. ಅದಕ್ಕಿಂತ ಕಡಿಮೆ ಬೆಲೆಗೆ ಶೇ. 35 ಮಾತ್ರ. ಅಂದರೆ ಪ್ರತಿಯೊಂದಕ್ಕೆ ಸುಮಾರು 35 ಸೆಂಟ್. 2.99 ಡಾಲರ್‌ನ ಒಂದೇ ಪ್ರತಿ ತರುವ ಆದಾಯಕ್ಕೆ ಇಂತಹ ಆರು ಪ್ರತಿಗಳನ್ನು ಮಾರಬೇಕು. ಮುದ್ರಣ, ದಾಸ್ತಾನು, ಮಾರಾಟವಾಗದೆ ಮರಳುವ ಸರಕು ಇವಾವುದರ ವೆಚ್ಚವೂ ಇಲ್ಲದ್ದರಿಂದಲೇ ಈ ಲೆಕ್ಕ ಗಿಟ್ಟಿತು. 2011ರ ಜೂನ್‌ನಲ್ಲಿ ಅವರು ಕಿಂಡಲ್‌ನಲ್ಲಿ ಹತ್ತು ಲಕ್ಷ ಪ್ರತಿ ಮಾರಿದ ಮೊದಲ ಸ್ವಯಂಪ್ರಕಾಶಕ ಲೇಖಕರೆನಿಸಿದರು. ಅದೇ ಆಗಸ್ಟ್‌ನಲ್ಲಿ ಸೈಮನ್ ಅಂಡ್ ಶೂಸ್ಟರ್ ಸಂಸ್ಥೆಗೆ ಮುದ್ರಿತ ಪ್ರತಿಗಳ ಮಾರಾಟ ಹಾಗೂ ವಿತರಣೆಯನ್ನಷ್ಟೇ ಒಪ್ಪಿಸಿ, ಪ್ರಕಾಶಕರಾಗಿ ತಾವೇ ಉಳಿದರು. ಏಜೆನ್ಸಿ ಕೊಟ್ಟು ಟ್ರೇಡ್‌ಮಾರ್ಕ್ ಕೈಬಿಡದ ಜಾಣ್ಮೆಯಿದು.

ಆದರೆ 2012ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಮತ್ತೊಂದು ಬಾಬತ್ತನ್ನು ಹೊರಗೆಡಹಿತು. ಲಾಕ್ ಅವರು ಹಣ ತೆತ್ತು ಸುಮಾರು 300 ವಿಮರ್ಶೆಗಳನ್ನು ಬರೆಯಿಸಿದ್ದರು. ತಮ್ಮ ಯಶಸ್ಸಿನ ಗುಟ್ಟನ್ನು ತಿಳಿಸಲೆಂದೇ 2011ರಲ್ಲಿ ಬರೆದ ಕೈಪಿಡಿಯಲ್ಲಿ ಈ ಖರ್ಚಿನ ಪ್ರಸ್ತಾಪವೇ ಇರಲಿಲ್ಲ. ಮೊತ್ತ ಸಣ್ಣದಾದರೂ, ಓದುಗರು ನಂಬಿ ಕೊಂಡದ್ದು ಆ ವಿಮರ್ಶೆಗಳನ್ನೇ ಅಲ್ಲವೇ? ಅಮೆಜಾನ್ ಸಂಸ್ಥೆಯು 2015ರಲ್ಲಿ ಸುಳ್ಳು ವಿಮರ್ಶೆಗಳನ್ನು ಮಾರುವವರ ಮೇಲೆ ದಾವೆಯನ್ನೇ ಹೂಡಿತು.