ಪಂಪಾಕ್ಷೇತ್ರ

ಹಂಪೆಯೆಂದೊಡನೆ ನಮ್ಮಲ್ಲಿ ಅನೇಕರ ಮನಸ್ಸಿಗೆ ಪಾಳುಬಿದ್ದ ರಾಜಧಾನಿಯೊಂದೇ ತೋರುವುದು. ಹೊಸಪೇಟೆಯಿಂದ ಹೊರಟವರು ಕಲ್ಲಿನ ರಥವನ್ನೂ ಕಮಲಮಹಲನ್ನೂ ನೋಡಿ, ನಿಟ್ಟುಸಿರಿಟ್ಟು, ಸಂಜೆಗೆ ಹಿಂದಿರುಗುವರು. ಆದರೆ ವಿಜಯನಗರಕ್ಕಿಂತಲೂ ಪ್ರಾಚೀನವಾದ ಕ್ಷೇತ್ರವೊಂದು ಅಲ್ಲಿರುವುದನ್ನು ನಾವು ಮರೆಯಬಾರದು.

ಹೆಸರೇ ಇದಕ್ಕೆ ಸಾಕ್ಷಿ. ಪಾಲು ಹಾಲಾದಂತೆ, ಪೂವು ಹೂವಾದಂತೆ, ‘ಪಂಪೆ’ಯೇ ಕನ್ನಡಿಗರ ನಾಲಗೆಯಲ್ಲಿ ‘ಹಂಪೆ’ಯಾಯಿತು. ಪಂಪಾದೇವಿಯು ಇಲ್ಲಿ ತಪಸ್ಸು ಮಾಡಿ ಶಿವನನ್ನು ಪತಿಯಾಗಿ ಪಡೆದಳೆಂದು ಸ್ಥಳಪುರಾಣವು ಹೇಳುವುದು. ವಾಲಿಸುಗ್ರೀವರ ಕಿಷ್ಕಿಂಧೆಯೂ ಈ ತುಂಗಭದ್ರೆಯ ತೀರವೇ ಎಂಬುದು ಜನರ ಶ್ರದ್ಧೆ.

1336ರಲ್ಲಿ ಹರಿಹರ ಬುಕ್ಕರು ರಾಜ್ಯವನ್ನು ಕಟ್ಟಿದಾಗ ಈ ಕ್ಷೇತ್ರದ ವಿರೂಪಾಕ್ಷನೇ ಅದಕ್ಕೆ ಕುಲದೈವವಾದನು. ಇಲ್ಲಿಂದ ಆಳಿದ ಅರಸರು ತಾಮ್ರಶಾಸನಗಳ ಕೊನೆಯಲ್ಲಿ ಬಹುಮಟ್ಟಿಗೆ ತಮ್ಮ ಹೆಸರನ್ನು ಬರೆಯದೆ, ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದು ಅಂಕಿತ ಹಾಕಿಸುತ್ತಿದ್ದರು. ರಾಜ್ಯವು ದೇವರದು, ತಾವು ಅವನ ಸೇವಕರು ಎಂಬುದೇ ಅದರ ಭಾವ. ಕೃಷ್ಣದೇವರಾಯನು ಪಟ್ಟವೇರಿದ ಸಂದರ್ಭದಲ್ಲಿ, 1510ರಲ್ಲಿ, ಆ ಗುಡಿಗೆ ರಂಗಮಂಟಪವನ್ನು ಸಮರ್ಪಿಸಿದನು.

1565ರ ಯುದ್ಧದ ತರುವಾಯ ನಗರವು ಹಾಳಾಯಿತು. ವಿಠ್ಠಲನ ಗುಡಿಯಲ್ಲಿ ಪೂಜೆ ನಿಂತಿತು. ಆದರೂ ವಿರೂಪಾಕ್ಷನ ಸನ್ನಿಧಿಯಲ್ಲಿ ಇಂದಿಗೂ ದೀಪವು ಬೆಳಗುತ್ತಿದೆ. ಫಲಪೂಜೆಯಂದು ಪಂಪಾವಿರೂಪಾಕ್ಷರಿಗೆ ನಿಶ್ಚಿತಾರ್ಥ, ಚೈತ್ರದಲ್ಲಿ ಕಲ್ಯಾಣೋತ್ಸವ. ಈ ಮದುವೆಗೆ ಸುತ್ತಣ ಹಳ್ಳಿಗಳ ಜನರೇ ಬಂಧುಗಳು. ಅರಸರಿಲ್ಲದ ಕಾಲದಲ್ಲಿ ಕ್ಷೇತ್ರವನ್ನು ಉಳಿಸಿದವರು ಇಂತಹ ಸಾಮಾನ್ಯ ಭಕ್ತರೇ ಎಂದು ನಾವು ತಿಳಿಯುತ್ತೇವೆ.

ಆದಕಾರಣ ಮಕ್ಕಳನ್ನು ಹಂಪೆಗೆ ಕರೆದೊಯ್ಯುವ ತಾಯಿತಂದೆಗಳು ಮೊದಲು ಅವರಿಗೆ ಆ ಉರಿಯುವ ದೀಪವನ್ನು ತೋರಿಸಲಿ; ಮುರಿದ ಕಲ್ಲುಗಳನ್ನು ಆಮೇಲೆ ತೋರಿಸಿದರಾಯಿತು.