ಸೋಜುಗದ ಸೂಜುಮಲ್ಲಿಗೆ

ಕಟ್ಟಿದವರು ಯಾರೆಂಬುದು ತಿಳಿಯದಿದ್ದರೂ ಹಾಡು ಉಳಿಯುತ್ತದೆ. ಹಾಡುವವರಿಲ್ಲದಿದ್ದರೆ ಅದು ಅಳಿಯುತ್ತದೆ. ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಜನರಿಗೆ ಚಿರಪರಿಚಿತವಾದ ‘ಸೋಜುಗದ ಸೂಜುಮಲ್ಲಿಗೆ’ ಎಂಬ ಜನಪದ ಗೀತೆ ಈ ಮಾತಿಗೆ ನಿದರ್ಶನವಾಗಿದೆ.

ಹನೂರು ತಾಲ್ಲೂಕಿನಲ್ಲಿ, ಎಪ್ಪತ್ತೇಳು ಮಲೆಗಳೆಂದು ಜನರು ಕೊಂಡಾಡುವ ಬೆಟ್ಟಸಾಲಿನ ನಡುವೆ, ಮಲೆಯ ಮಹದೇಶ್ವರನ ಕ್ಷೇತ್ರವಿದೆ. ಹುಲಿಯನ್ನೇ ವಾಹನವಾಗಿಸಿಕೊಂಡ ಈ ಮಹಿಮಾಪುರುಷನು ಒಕ್ಕಲುಮಕ್ಕಳ ಬಾಯಲ್ಲಿ ‘ಮಾದಪ್ಪ’. ಅವನ ಚರಿತ್ರೆಯನ್ನು ಹಾಡುವುದನ್ನೇ ವ್ರತವಾಗಿ ಸ್ವೀಕರಿಸಿದವರು ದೇವರಗುಡ್ಡರು. ಒಂದು ಕೈಯಲ್ಲಿ ಬಟ್ಟಲಿನಂಥ ಕಂಚಿನ ತಾಳ, ಇನ್ನೊಂದು ಕೈಯಲ್ಲಿ ಚಪ್ಪಟೆಯಾದ ತಾಳ. ಇವೆರಡೂ ಸೇರಿ ಕಂಸಾಳೆ. ಅದರ ನಾದದೊಡನೆ ಸಂಕಮ್ಮ, ಕಾಳಮ್ಮ, ಶ್ರವಣದೊರೆ ಮೊದಲಾದವರ ಕಥೆಗಳು ‘ಸಾಲು’ಗಳಾಗಿ ರಾತ್ರಿಯಿಡೀ ಸಾಗುತ್ತವೆ. ಪಿ.ಕೆ. ರಾಜಶೇಖರ ಅವರು ಈ ಮಹಾಕಾವ್ಯವನ್ನು ಸಂಗ್ರಹಿಸಿ 1973ರಲ್ಲಿ ಪ್ರಕಟಿಸಿದರು.

‘ಸೋಜುಗದ ಸೂಜುಮಲ್ಲಿಗೆ’ ಈ ಪರಂಪರೆಗೆ ಸೇರಿದ ಸ್ತುತಿಗೀತೆ. ಸೋಜುಗವೆಂದರೆ ಬೆರಗು, ಸೂಜುಮಲ್ಲಿಗೆ ಎಂದರೆ ಸೂಜಿಯಂತೆ ಮೊನಚಾದ ಮೊಗ್ಗಿನ ಮಲ್ಲಿಗೆ. ಎರಡು ಪದಗಳ ನಾದಸಾಮ್ಯವೇ ಕಿವಿಯನ್ನು ಸೆಳೆಯುತ್ತದೆ. ಹಾಡಿನಲ್ಲಿ ಯುದ್ಧವಿಲ್ಲ, ಪವಾಡದ ವರ್ಣನೆಯೂ ಇಲ್ಲ. ಮಲ್ಲಿಗೆ, ತಾವರೆ, ಬಿಲ್ವಪತ್ರೆ, ತುಳಸಿ. ಬೆಳಗಿದ ತಪ್ಪಲೆ, ಕಾಯಿಸಿದ ತುಪ್ಪ, ಕಿತ್ತಳೆಹಣ್ಣು. ಬಡವರ ಮನೆಯಲ್ಲಿಯೂ ಹೊಂದಿಸಬಹುದಾದ ಈ ಕಾಣಿಕೆಗಳೇ ಅದರ ಸಂಪತ್ತು. ದೇವರನ್ನು ಮನೆಯ ಹಿರಿಯನಂತೆ ಕಾಣುವ ಸಲಿಗೆಯೇ ಅದರ ಚೆಲುವು. ಕೇಳುವವನು ತನ್ನ ಮನೆಯ ಮಾತನ್ನೇ ಅದರಲ್ಲಿ ಕೇಳುತ್ತಾನೆ.

ಬಾಯಿಂದ ಬಾಯಿಗೆ ಬರುವ ಹಾಡಿಗೆ ಒಂದೇ ಪಾಠವಿರುವುದಿಲ್ಲ. ಒಬ್ಬರು ಒಂದು ನುಡಿಯನ್ನು ಸೇರಿಸುತ್ತಾರೆ. ಮತ್ತೊಬ್ಬರು ಧಾಟಿಯನ್ನು ಬದಲಿಸುತ್ತಾರೆ. 2021ರಲ್ಲಿ ತೆರೆಕಂಡ ‘ಗರುಡ ಗಮನ ವೃಷಭ ವಾಹನ’ ಚಲನಚಿತ್ರದಲ್ಲಿ ಚೈತ್ರಾ ಆಚಾರ್ ಅವರು ಇದನ್ನು ಹಾಡಿದರು. ಮಂಗಳೂರಿನಲ್ಲಿ ನಡೆಯುವ ಆ ಕಥೆಯೊಳಗೆ ಈ ಭಕ್ತಿಗೀತೆಯು ಬೇರೊಂದು ಭಾವವನ್ನು ತಾಳಿತು. ಮಾದಪ್ಪನ ಬೆಟ್ಟವನ್ನು ಎಂದೂ ಏರದವರೂ ಅದನ್ನು ಗುನುಗುವಂತಾಯಿತು.

ಆದರೆ ಒಂದು ಭೇದವನ್ನು ಗಮನಿಸಬೇಕು. ಕೆಲವು ನಿಮಿಷಗಳ ಹಾಡನ್ನು ಯಂತ್ರವು ಎಲ್ಲಿಗಾದರೂ ಒಯ್ಯಬಲ್ಲದು. ರಾತ್ರಿಯಿಡೀ ಹರಿಯುವ ಸಾಲುಗಳಾದರೋ ಗುರುವಿನ ಮುಂದೆ ಕುಳಿತು, ವರ್ಷಗಟ್ಟಲೆ ಕೇಳಿ, ನೆನಪಿನಲ್ಲಿ ನಿಲ್ಲಿಸಿಕೊಂಡವರಿಗೆ ಮಾತ್ರ ಒಲಿಯುತ್ತವೆ. ಹೂವಿನ ಪರಿಮಳವು ಗಾಳಿಯೊಡನೆ ದೂರ ಹೋಗುತ್ತದೆ. ಬಳ್ಳಿಗೆ ನೀರೆರೆಯುವವರು ಮಾತ್ರ ಅದರ ಬುಡದಲ್ಲಿಯೇ ಇರಬೇಕಾಗುತ್ತದೆ.